ಇಲಿಬಾಲ

ಸಿಂಧನೂರು
2 ಫೆಬ್ರವರಿ 2025

ಮಹಾಲಕ್ಷ್ಮಿಗೆ,

ಕ್ಷೇಮ ಕೇಳಿ ಪತ್ರ ಶುರು ಮಾಡುವುದು ವಾಡಿಕೆ. ನಾನು ಕೇಳುವುದಿಲ್ಲ. ನೀನು ಎಷ್ಟು ಕ್ಷೇಮವಾಗಿದ್ದೀ ಎಂಬುದನ್ನು ಹೋದ ವಾರ ಲಿಂಗಸುಗೂರಿನ ಮದುವೆಯಲ್ಲಿ ಕಣ್ಣಾರೆ ನೋಡಿದೆ. ನಾನು ಊಟಕ್ಕೆ ಕೂತಿದ್ದೆ. ನೀನು ನಿಮ್ಮ ಓಣಿಯ ಹೆಂಗಸರನ್ನೆಲ್ಲ ಬೆನ್ನಿಗೆ ಹಾಕಿಕೊಂಡು ಬಂದು, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದಿ: "ನಮ್ಮ ಇಲಿಬಾಲ ಬಂದಾಳ ನೋಡ್ರಿ. ಹಾಸ್ಟೆಲ್‌ನಾಗ ಇಕಿಗೆ ಆ ಹೆಸರು ನಾನ ಇಟ್ಟಿದ್ದೆ."

ಎದುರಿನ ಸಾಲಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕೂತಿದ್ದಳು. ಸೋಮವಾರ ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ಒಂದು ಇಲಿ, ಅದಕ್ಕೊಂದು ಮಾರುದ್ದ ಬಾಲ. ಅಳಿಸಿದೆ. ಅದೇ ಬೋರ್ಡಿನ ಮೇಲೆ ಜೀವಶಾಸ್ತ್ರದ ಪಾಠ ಮಾಡಿದೆ. ಹಿಂದಿನ ಬೆಂಚಿನ ನಗು ಮಾತ್ರ ಅಳಿಸಲು ಬರಲಿಲ್ಲ.

ಆ ಸಂಜೆ ನಿನಗೆ ಫೋನ್ ಮಾಡಿದರೆ ಎರಡು ಮಾತಿಗೆ ಕಟ್ ಮಾಡಿ ನನ್ನ ನಂಬರನ್ನೇ ಬ್ಲಾಕ್ ಮಾಡಿದಿ. ಒಳ್ಳೆಯದೇ ಆಯಿತು. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲ.

ನನಗೆ ನಿನ್ನಿಂದ ಬೇಕಾಗಿರುವುದು ಒಂದೇ ಮಾತು. ಗುರುಗುಂಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಸಿದ್ದರಾಮೇಶನ ಕಡೆಯವರು ನನ್ನನ್ನು ನೋಡಲು ಬಂದಿದ್ದ ದಿನ. ಬೆಳಿಗ್ಗೆ ನನ್ನ ತಲೆ ಬಾಚಿ, ನನ್ನ ಅಜ್ಜಿ ಮುದುಕಮ್ಮ ಮಾಡಿಕೊಟ್ಟ ಚೌರಿಯನ್ನು ಸೇರಿಸಿ ಜಡೆ ಹೆಣೆದವಳು ನೀನು. ಅದರ ಮೇಲೆ ಮಲ್ಲಿಗೆ ಮುಡಿಸಿದವಳು ನೀನು. ಹುಡುಗನ ಸೋದರತ್ತೆ "ಜಡಿ ಚಂದ ಐತಿ" ಅಂದಾಗ "ಹೂವು ಸರಿ ಮಾಡ್ತೀನಿ ತಡೀರಿ" ಎಂದು ನನ್ನ ಹಿಂದೆ ಕೈ ಹಾಕಿದವಳೂ ನೀನೇ. ಆಮೇಲೆ ಚೌರಿ ನಿನ್ನ ಕೈಯಲ್ಲಿತ್ತು. ನನ್ನ ಬೆನ್ನ ಮೇಲೆ ಉಳಿದ ಇಲಿಬಾಲದಷ್ಟು ಸಣ್ಣ ಜಡೆ ನೋಡಿ ಪಡಸಾಲೆ ಪೂರ್ತಿ ನಕ್ಕಿತು. ಬಂದವರು ಚಹಾ ಕೂಡ ಕುಡಿಯದೆ ಎದ್ದರು. ಮುಂದಿನ ಶ್ರಾವಣದಲ್ಲಿ ಸಿದ್ದರಾಮೇಶನನ್ನು ಮದುವೆಯಾದವಳು ನೀನು.

"ಕಿತ್ತೆ" ಎಂದು ಬರೆ. ಬೇರೇನೂ ಬೇಡ. ಅವನೂ ಬೇಡ, ಕ್ಷಮೆಯೂ ಬೇಡ. "ಅದು ಜಾರಲಿಲ್ಲ, ನಾನೇ ಕಿತ್ತೆ" ಅಂತ ಒಂದು ಸಾಲು.

ಜೊತೆಗೆ ಒಂದು ಹೂವಿನ ತೆನೆ ಇಟ್ಟಿದ್ದೇನೆ. ನಮ್ಮ ಕಾಲೇಜಿನ ಕಾಂಪೌಂಡಿನಲ್ಲಿ ತಾನಾಗಿ ಬೆಳೆದದ್ದು. ಉದ್ದನೆಯ ಕಡ್ಡಿ, ಅಲ್ಲಲ್ಲಿ ನಾಕೈದು ನೀಲಿ ಹೂವು. ಇದರ ಹೆಸರು ಇಲಿಬಾಲದ ಗಿಡ. ನೀನು ಕೊಟ್ಟ ಹೆಸರಿಗೆ ಜಗತ್ತಿನಲ್ಲಿ ಎಷ್ಟು ವಾರಸುದಾರರಿದ್ದಾರೆ ಎಂದು ಹುಡುಕಲು ಶುರು ಮಾಡಿದ್ದೇನೆ. ಒಂದೊಂದಾಗಿ ನಿನ್ನ ಮನೆಗೆ ಬರುತ್ತವೆ.

ಏನನ್ನೂ ಮರೆಯದ,
ಆದಮ್ಮ

*

ಸಂತೆಕಲ್ಲೂರು
16 ಫೆಬ್ರವರಿ 2025

ಆದಮ್ಮ,

ನಿನ್ನ ಲಕೋಟೆಯನ್ನು ಅಂಚೆಯವನು ಕಟ್ಟೆಯ ಮೇಲೆ ಕೂತವರೆಲ್ಲರ ಮುಂದೆ ನನ್ನ ಕೈಗಿತ್ತ. ಬ್ಯಾಂಕಿನ ನೋಟೀಸು ಬಿಟ್ಟರೆ ಈಗ ಯಾರ ಮನೆಗೆ ಕಾಗದ ಬರುತ್ತದೆ? ಅತ್ತೆ "ಯಾರದಬೇ?" ಎಂದು ಕೇಳಿದರು. ವಿಮೆಯವರದು ಎಂದು ಹೇಳಿ ಒಳಗೆ ಬಂದೆ. ನಿನ್ನ ಹೂವನ್ನು ಆಡಿನ ಮುಂದೆ ಹಾಕಿದೆ. ಅದು ಮೂಸಿ ಮುಖ ತಿರುಗಿಸಿತು.

ಆವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ನಿನ್ನ ಅಜ್ಜಿ ನಿನ್ನ ತಲೆಗೆ ಎಣ್ಣೆ ಸುರಿದಿದ್ದರು. ಕೂದಲು ಎಣ್ಣೆಯಲ್ಲಿ ನುಣುಪಾಗಿತ್ತು. ನಾನು ಹೂವು ಮುಟ್ಟಿದೆ, ಚೌರಿ ಜಾರಿತು. ಜಾರಿದ್ದನ್ನು ನಾನು ಹಿಡಿದೆ, ಅಷ್ಟೇ. ಹಿಡಿಯದಿದ್ದರೆ ನೆಲಕ್ಕೆ ಬಿದ್ದು ಇನ್ನೂ ಚೆನ್ನಾಗಿ ಕಾಣುತ್ತಿತ್ತೇನು?

ಮದುವೆ ಮನೆಯಲ್ಲಿ ತಮಾಷೆಗೆ ಒಂದು ಮಾತು ಆಡಿದೆ. ಇಷ್ಟು ವಯಸ್ಸಾದ ಮೇಲೂ ಅದನ್ನು ಎದೆಗೆ ಹಚ್ಚಿಕೊಂಡು ಕೂರುವವಳು ನೀನೊಬ್ಬಳೇ. ನಿನ್ನನ್ನು ಮತ್ತೆ ಯಾರೂ ನೋಡಲು ಬರಲಿಲ್ಲವೆಂದರೆ ಅದಕ್ಕೆ ಕಾರಣ ನಿನ್ನ ನಾಲಿಗೆ, ಕೂದಲಲ್ಲ. ಇನ್ನು ನನ್ನ ಗಂಡನ ಮಾತು. ಅವರಿಗೆ ನಿನ್ನ ಮುಖ ಕೂಡ ನೆನಪಿಲ್ಲ. ಮೊನ್ನೆ ಕೇಳಿದರೆ "ಯಾವ ಆದಮ್ಮ?" ಎಂದರು.

ನನಗೆ ಮನೆಯಿದೆ, ಹೊಲವಿದೆ, ಮದುವೆಗೆ ಬಂದ ಮಗಳಿದ್ದಾಳೆ. ನಿನ್ನ ಗಿಡಮೂಲಿಕೆಯ ಆಟ ಆಡಲು ನನಗೆ ಪುರಸೊತ್ತಿಲ್ಲ.

ಮಹಾಲಕ್ಷ್ಮಿ ಸಿದ್ದರಾಮೇಶ

*

ಸಿಂಧನೂರು
10 ಮಾರ್ಚ್ 2025

ಮಹಾಲಕ್ಷ್ಮಿಗೆ,

ಗಂಡನ ಹೆಸರನ್ನು ಒತ್ತಿ ಬರೆದಿದ್ದೀ. ಪೆನ್ನು ಕಾಗದವನ್ನು ಹರಿದಿದೆ.

ಅವನಿಗೆ ನನ್ನ ಮುಖ ನೆನಪಿಲ್ಲ ಎಂಬುದನ್ನು ನಂಬುತ್ತೇನೆ. ಅವನು ಆವತ್ತು ನೋಡಿದ್ದು ನಿನ್ನ ಕೈಯಲ್ಲಿದ್ದ ಚೌರಿಯನ್ನು, ನನ್ನ ಮುಖವನ್ನಲ್ಲ.

ಎಣ್ಣೆಯಿಂದ ಜಾರಿತು ಅನ್ನುತ್ತೀ. ಹಾಸ್ಟೆಲಿನಲ್ಲಿ ನಮ್ಮ ಕೋಣೆಯ ಹುಡುಗಿಯರಿಗೆಲ್ಲ ಜಡೆ ಹಾಕುತ್ತಿದ್ದವಳು ನೀನು. ಕೂದಲನ್ನು ಎರಡು ಪಾಲು ಮಾಡಿ, ಚೌರಿಯ ದಾರವನ್ನು ನಡುವೆ ತೂರಿಸಿ, ಹಿಂದಿನಿಂದ ಸುತ್ತಿ ಬಿಗಿಯುತ್ತಿದ್ದಿ. ನಿನ್ನ ಗಂಟು ಹಾಕಿಕೊಂಡು ಕಬಡ್ಡಿ ಆಡಿದ್ದೇವೆ, ಕಾಲುವೆಯಲ್ಲಿ ಮುಳುಗಿ ಎದ್ದಿದ್ದೇವೆ. ಒಂದು ದಿನವೂ ಸಡಿಲವಾಗಲಿಲ್ಲ. ಬಿಚ್ಚಬೇಕಾದರೆ ನಿನ್ನನ್ನೇ ಹುಡುಕಿಕೊಂಡು ಬರಬೇಕಿತ್ತು, ಯಾವ ಎಳೆ ಎಳೆದರೆ ಬಿಚ್ಚುತ್ತದೆ ಎಂಬುದು ನಿನಗೊಬ್ಬಳಿಗೇ ಗೊತ್ತಿತ್ತು. ಆ ಗಂಟು ಜಾರಿತಂತೆ. ನಿನ್ನ ಅತ್ತೆಗೆ ಹೇಳು, ಕಟ್ಟೆಗೆ ಕೂತವರಿಗೆ ಹೇಳು. ನನಗೆ ಹೇಳಬೇಡ.

ಆ ಚೌರಿಯ ಸಂಗತಿ ನಿನಗೆ ಪೂರ್ತಿ ಗೊತ್ತಿಲ್ಲ. ಕೂದಲಿಗೆ ಪಾತ್ರೆ ಕೊಡುವ ಹೆಂಗಸು ಊರಿಗೆ ಬಂದಾಗ ಎಲ್ಲರೂ ತಮ್ಮ ತಲೆಯಿಂದ ಉದುರಿದ ಕೂದಲು ಕೊಟ್ಟು ಬೋಗುಣಿ ತೆಗೆದುಕೊಳ್ಳುತ್ತಿದ್ದರು. ಮುದುಕಮ್ಮ ಕೊಡಲಿಲ್ಲ. ತನ್ನದು, ನನ್ನ ಅವ್ವನದು, ನನ್ನದು, ಮೂರು ತಲೆಯ ಕೂದಲನ್ನು ಗೋಡೆಯ ಗೂಡಿನಲ್ಲಿ ವರ್ಷಗಟ್ಟಲೆ ಕೂಡಿಟ್ಟು ಆ ಚೌರಿ ಮಾಡಿದಳು. ತುದಿಗೆ ಕೆಂಪು ದಾರ, ದಾರಕ್ಕೆ ಒಂದು ಹಸಿರು ಮಣಿ. ನೀವೆಲ್ಲ ಹೋದ ಮೇಲೆ ಅದನ್ನು ನೆಲದಿಂದ ಎತ್ತಿಕೊಂಡವಳು ಅವಳು. ಸಾಯುವವರೆಗೆ ನನ್ನ ತಲೆ ಬಾಚಲಿಲ್ಲ. ಕೈ ಬರುವುದಿಲ್ಲ ಎನ್ನುತ್ತಿದ್ದಳು. ಚೌರಿ ಈಗ ನನ್ನ ಬಳಿ ಇದೆ.

ಈ ಸಲದ ಕಾಣಿಕೆ ಎರಡು. ಪುಟ್ಟ ಚೀಲದಲ್ಲಿರುವುದು ಮೂಲಂಗಿಯ ಕಾಯಿ. ಇದೂ ಒಂದು ಜಾತಿ, ಗಡ್ಡೆ ಬಿಡುವುದಿಲ್ಲ, ಗಿಡದ ತುಂಬ ಮೊಳದುದ್ದ ಕಾಯಿ ಬಿಡುತ್ತದೆ, ಹೆಸರು ಇಲಿಬಾಲದ ಮೂಲಂಗಿ. ಹಸಿಯಾಗಿ ಕಚ್ಚಿ ನೋಡು, ಮೂಗಿಗೆ ಏರುತ್ತದೆ. ಎರಡನೆಯದನ್ನು ಕಳಿಸಲು ಆಗದ ಕಾರಣ ಚಿತ್ರ ಬರೆದಿದ್ದೇನೆ. ನಿಮ್ಮ ಬಚ್ಚಲ ನೀರು ನಿಲ್ಲುವ ಗುಂಡಿಯಲ್ಲಿ ಸಿಗುತ್ತದೆ ನೋಡು, ಇಲಿಬಾಲದ ಹುಳ. ಕೊಳಚೆಯಲ್ಲಿ ಮುಳುಗಿದ್ದು, ಬಾಲವನ್ನಷ್ಟೇ ಮೇಲಕ್ಕೆ ಚಾಚಿ ಅದರಿಂದ ಉಸಿರಾಡುತ್ತದೆ. ರೆಕ್ಕೆ ಬಂದ ಮೇಲೆ ಜೇನುಹುಳದ ಬಣ್ಣ ಬಳಿದುಕೊಂಡು ಹೂವಿನ ಮೇಲೆ ಕೂರುತ್ತದೆ. ನೋಡಿದವರು ಜೇನೆಂದೇ ತಿಳಿಯುತ್ತಾರೆ. ಇವುಗಳಲ್ಲಿ ನಾನು ಮೂಲಂಗಿ. ನೀನು ಯಾವುದು ಎಂದು ಬಿಡಿಸಿ ಹೇಳುವುದಿಲ್ಲ.

ನೀನಾಗಿ ಬರೆಯದಿದ್ದರೆ ನಾಲ್ಕು ಜನರ ಮುಂದೆ ನಿನ್ನ ಬಾಯಿಂದ ಹೇಳಿಸುತ್ತೇನೆ. ನನಗೆ ಹೇಗಾಯಿತೋ ನಿನಗೂ ಹಾಗೇ ಆಗಬೇಕು, ಅಂಗಳ ತುಂಬ ಜನರಿರಬೇಕು.

ಇಲಿಬಾಲ ಉರುಫ್ ಆದಮ್ಮ

*

ಸಂತೆಕಲ್ಲೂರು
27 ಮಾರ್ಚ್ 2025

ಆದಮ್ಮ,

ಮೂಲಂಗಿ ಕಾಯನ್ನು ಪಲ್ಯ ಮಾಡಿದೆ. ಇವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಇನ್ನೂ ಇದ್ದರೆ ಕಳಿಸು.

ಹೆದರಿಸುವ ಕೆಲಸ ನಿನ್ನ ಕಾಲೇಜಿನ ಮಕ್ಕಳ ಹತ್ತಿರ ಇಟ್ಟುಕೋ. ನಾಲ್ಕು ಜನರ ಮುಂದೆ ನಾನು ತಲೆ ಎತ್ತಿಯೇ ನಿಲ್ಲುವವಳು, ಸಂತೆಕಲ್ಲೂರಿನಲ್ಲಿ ಯಾರನ್ನಾದರೂ ಕೇಳು. ಬೇಸಿಗೆ ಮುಗಿಯುವುದರೊಳಗೆ ಇವರು ಕಿಲಾರಿ ಜಾತಿಯ ಹೋರಿ ಕೊಳ್ಳಲು ಗುರುಗುಂಟಾ ಕಡೆ ಬರುತ್ತಾರೆ. ಕಾರಹುಣ್ಣಿಮೆಗೆ ನಮ್ಮ ಅಂಗಳದಲ್ಲಿ ಊರೇ ನಿಂತು ನೋಡುವಂಥ ಹೋರಿ ಇರಬೇಕು ಎಂದು ನಾನೇ ಹಟ ಹಿಡಿದಿದ್ದೇನೆ. ನಿನ್ನ ತಮ್ಮನೂ ದನ ಸಾಕುತ್ತಾನಂತೆ. ಆ ಕೊಟ್ಟಿಗೆಗೆ ಕಾಲಿಡಬೇಡಿ ಎಂದು ಇವರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಇನ್ನು ಮೇಲೆ ಬರೆಯಬೇಡ.

ಮಹಾಲಕ್ಷ್ಮಿ ಸಿದ್ದರಾಮೇಶ

*

ಸಿಂಧನೂರು
21 ಏಪ್ರಿಲ್ 2025

ಯಮನೂರಪ್ಪ ಕಾಕಾನಿಗೆ ಆದಮ್ಮನ ನಮಸ್ಕಾರಗಳು.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಸಿಟ್ಟಾಗಬೇಡಿ. ನೀವು ಚಹಾದಂಗಡಿಯಲ್ಲಿ ಸ್ಪೀಕರ್ ಹಾಕಿಕೊಂಡು ಮಾತಾಡುತ್ತೀರಿ, ಗುರುಗುಂಟಾದ ನಿಮ್ಮಂಥ ದನದ ದಲ್ಲಾಳಿಗಳಿಗೆಲ್ಲ ನಮ್ಮ ಮನೆಯ ಸುದ್ದಿ ಬಾಯಿಪಾಠ. ಓದಿ ಒಲೆಗೆ ಹಾಕಿ.

ನಮ್ಮ ತಮ್ಮನ ಕೊಟ್ಟಿಗೆಯಲ್ಲಿ ಒಂದು ಹೋರಿ ಇರುವುದು ನಿಮಗೆ ಗೊತ್ತು. ಹಲ್ಲು ಸರಿ, ಸುಳಿ ಶುದ್ಧ, ನಡಿಗೆ ಚೆಂದ, ಕೋಡಂತೂ ಅಳೆದು ಇಟ್ಟ ಹಾಗೆ. ಬಾಲವೊಂದೇ ಮೋಸ. ಕುಚ್ಚು ಬೆಳೆಯಲೇ ಇಲ್ಲ, ಬೋಳು ಇಲಿಬಾಲ. ಮೂರು ಸಂತೆಗೆ ಹೊಡೆದುಕೊಂಡು ಹೋದರೂ ಯಾರೂ ಕೈ ಹಚ್ಚಲಿಲ್ಲ, ಮನೆಗೆ ಒಳ್ಳೆಯದಲ್ಲ ಎಂದು ಹಿಂದೆ ಸರಿದರು. ನೊಣ ಕೂತರೆ ಓಡಿಸಿಕೊಳ್ಳಲಾಗದೆ ಅದು ಮೈ ನಡುಗಿಸುತ್ತದೆ. ರಜೆಗೆ ಊರಿಗೆ ಹೋದಾಗ ನಾನು ಅದರ ಪಕ್ಕ ನಿಲ್ಲುತ್ತೇನೆ.

ನೀವು ಇಂಥ ಹೋರಿಗಳಿಗೆ ಕೂದಲು ಕೂಡಿಸಿ ದಾಟಿಸುವುದರಲ್ಲಿ ಹಳೆಯ ಕೈ. ಇಲ್ಲ ಅನ್ನಬೇಡಿ, ಊರಿಗೇ ಗೊತ್ತು. ಸಂತೆಕಲ್ಲೂರಿನ ಸಿದ್ದರಾಮೇಶ ಹೋರಿ ನೋಡಲು ನಿಮ್ಮ ಹತ್ತಿರವೇ ಬರುತ್ತಾನೆ. ಈ ಹೋರಿ ಅವನಿಗೇ ಹೋಗಬೇಕು. ನಮ್ಮ ಮನೆಯದು ಎಂದು ತಿಳಿಯಬಾರದು, ನಿಮ್ಮ ಕೊಟ್ಟಿಗೆಯಲ್ಲೇ ಕಟ್ಟಿ ತೋರಿಸಿ. ನಿಮ್ಮ ದನದ ಸಂತೆಯಲ್ಲಿ ಬಾಲ ಹಿಡಿದರೆ ವ್ಯಾಪಾರ ಕುದುರಿದಂತೆ ಲೆಕ್ಕವಲ್ಲವೇ? ಅದಕ್ಕೇ ಮಾತು ಮುಗಿಯುವ ತನಕ ಅವನು ಬಾಲಕ್ಕೆ ಕೈ ಹಾಕುವುದಿಲ್ಲ, ಮುಗಿದ ಮೇಲೆ ಬರಿದೇ ಮುಟ್ಟಿ ಬಿಡುತ್ತಾನೆ. ಉಳಿದವರು ಮಾಡುವ ತಪ್ಪನ್ನೇ ಅವನೂ ಮಾಡಲಿ.

ಇದರೊಂದಿಗೆ ಒಂದು ಚೌರಿ ಕಳಿಸಿದ್ದೇನೆ. ಇದನ್ನೇ ಕಟ್ಟಬೇಕು, ಬೇರೆಯದು ಆಗದು. ಕೆಂಪು ದಾರ, ಹಸಿರು ಮಣಿ ಕೂದಲೊಳಗೆ ಮರೆಯಾಗಿರಲಿ, ತೆಗೆಯಬೇಡಿ. ಹೊಲಿಯಬೇಡಿ. ಜಾಲಿಯ ಅಂಟಿನಿಂದ ಕೂಡಿಸಿ. ಒಣಗಿದರೆ ಅದು ಕಲ್ಲು, ಬಿಸಿನೀರು ಬಿದ್ದರೆ ಬಿಡುತ್ತದೆ. ಈ ಬೇಸಿಗೆಯಲ್ಲಿ ದನಕ್ಕೆ ಕುಡಿಯಲು ನೀರಿಲ್ಲ, ಮೈ ತೊಳೆಯುವವರು ಯಾರು? ಬಿಸಿನೀರು ಕಾಣುವುದು ಕಾರಹುಣ್ಣಿಮೆಗೆ ಹೋರಿ ತೊಳೆದು ಸಿಂಗರಿಸುವಾಗಲೇ.

ದಲ್ಲಾಳಿಯ ಹಣ ಪೂರ್ತಿ ನಿಮ್ಮದು. ನನಗೆ ಸುದ್ದಿಯಷ್ಟೇ ಸಾಕು.

ನಿಮ್ಮ ಮಗಳ ಸಮಾನ,
ಆದಮ್ಮ

*

ಸಂತೆಕಲ್ಲೂರು
24 ಮೇ 2025

ಆದಮ್ಮ,

ಬರೆಯಬೇಡ ಎಂದ ಮೇಲೆ ನೀನು ನಿಜವಾಗಿಯೂ ಬರೆಯಲಿಲ್ಲ. ನಾಲ್ಕು ಜನರ ಮುಂದೆ ಹೇಳಿಸುತ್ತೇನೆ ಎಂದವಳ ಸದ್ದಿಲ್ಲ. ಅದಕ್ಕೇ ಈ ಕಾಗದ ನಾನಾಗಿ ಬರೆಯುತ್ತಿದ್ದೇನೆ.

ಹೋರಿ ಬಂತು. ಗುರುಗುಂಟಾದ ಯಮನೂರಪ್ಪನ ಕೊಟ್ಟಿಗೆಯದು. ಕೋಡು ನೋಡಿದವರು ಮತ್ತೊಮ್ಮೆ ತಿರುಗಿ ನೋಡುತ್ತಾರೆ. ಬಾಲವೋ, ನೆಲ ಗುಡಿಸುತ್ತದೆ. ನಮ್ಮ ಅತ್ತೆ ಬೆಳಿಗ್ಗೆ ಎದ್ದು ಅದರ ಮುಖ ನೋಡಿಯೇ ಬಾಗಿಲಿಗೆ ನೀರು ಹಾಕುತ್ತಾರೆ. ನಿಮ್ಮೂರಿನಿಂದ ನನಗೆ ಬಂದ ಒಳ್ಳೆಯ ವಸ್ತುಗಳಲ್ಲಿ ಇದು ಎರಡನೆಯದು. ಮೊದಲನೆಯದು ಯಾವುದೆಂದು ನಿನಗೆ ಗೊತ್ತು, ನಿಮ್ಮ ಪಡಸಾಲೆಯಿಂದಲೇ ಎದ್ದು ಬಂದವರು.

ಕಾರಹುಣ್ಣಿಮೆಯ ದಿನ ಸಾಲಗುಂದದವರು ಬರುತ್ತಾರೆ. ಹಬ್ಬಕ್ಕೆ ಎಂಬುದು ನೆಪ, ನನ್ನ ಮಗಳು ಅಮರೇಶ್ವರಿಯನ್ನು ನೋಡಲು. ಒಪ್ಪಿದ ಹಾಗೆಯೇ, ಮಾತು ಮುಗಿಯುವುದಷ್ಟೇ ಬಾಕಿ. ನನ್ನ ಮಗಳ ಜಡೆ ಸೊಂಟ ದಾಟಿ ಇಳಿಯುತ್ತದೆ. ದೇವರು ಎಲ್ಲರಿಗೂ ಇಲಿಬಾಲ ಕೊಡುವುದಿಲ್ಲ.

ಬರಬೇಕೆನಿಸಿದರೆ ಬಾ. ಮಸ್ಕಿಯಿಂದ ಆಟೊ ಇರುತ್ತವೆ. ಅಂಗಳದಲ್ಲಿ ಜಾಗ ಬಹಳ ಇದೆ.

ಮಹಾಲಕ್ಷ್ಮಿ ಸಿದ್ದರಾಮೇಶ

*

ಸಿಂಧನೂರು
1 ಜೂನ್ 2025

ಮಹಾಲಕ್ಷ್ಮಿಗೆ,

ನಿನ್ನ ಕಾಗದ ಓದಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ನಾನು ಬರುವುದಿಲ್ಲ. ನನ್ನ ಬದಲಿಗೆ ಒಂದು ಕುಂಡ ಕಳಿಸುತ್ತಿದ್ದೇನೆ. ಮಸ್ಕಿಗೆ ಹೋಗುವ ನಮ್ಮ ಕಾಲೇಜಿನ ಜವಾನ ತಂದು ಕೊಡುತ್ತಾನೆ. ಅದರಲ್ಲಿರುವುದು ಇಲಿಬಾಲದ ಕಳ್ಳಿ. ಬಾಗಿಲಿಗೆ ತೂಗು ಹಾಕು, ಬಾಲಗಳು ಕೆಳಗೆ ಇಳಿಯುತ್ತವೆ. ಮುಳ್ಳು ಸಣ್ಣವು, ಮೊದಲು ತಿಳಿಯುವುದೇ ಇಲ್ಲ. ಚುಚ್ಚಿಕೊಂಡ ಮೇಲೆ ಕೀಳಲು ಹೋದರೆ ಮುರಿದು ಒಳಗೇ ಉಳಿಯುತ್ತವೆ.

ಮಗಳ ಜಡೆ ಸೊಂಟ ದಾಟುತ್ತದೆ ಎಂದು ಓದಿ ಸಮಾಧಾನವಾಯಿತು. ಅಂಥ ಜಡೆ ಇದ್ದವಳಿಗೆ ಯಾರ ಭಯ? ಹುಡುಗಿಯ ಬಗ್ಗೆ ನನಗೆ ಸಿಟ್ಟಿಲ್ಲ. ಲಿಂಗಸುಗೂರಿನ ಮದುವೆಯಲ್ಲಿ ಎಲ್ಲರೂ ನಕ್ಕಾಗ ನಿನ್ನ ಹಿಂದೆ ನಿಂತಿದ್ದ ಅವಳೊಬ್ಬಳು ನಗಲಿಲ್ಲ. ನೋಡಿಕೊಂಡಿದ್ದೇನೆ.

ನಿನಗೆ ಕೊನೆಯ ಅವಕಾಶ. ಹಬ್ಬಕ್ಕೆ ಇನ್ನೂ ದಿನಗಳಿವೆ. ಒಂದು ಸಾಲು ಬರೆದು ಹಾಕು. ಬರೆದರೆ ನಾನೂ ಒಂದು ಮಾತು ಬರೆಯುತ್ತೇನೆ, ಅದರಿಂದ ನಿನಗೆ ಉಪಯೋಗವಾಗುತ್ತದೆ. ಬರೆಯದಿದ್ದರೆ ಹಬ್ಬವನ್ನು ಚೆನ್ನಾಗಿ ಮಾಡು. ಹೋರಿಗೆ ನೀರು ಬಿಸಿಯಾಗಿರಲಿ.

ಆದಮ್ಮ

*

ಸಿಂಧನೂರು
13 ಜೂನ್ 2025

ಮಹಾಲಕ್ಷ್ಮಿಗೆ,

ಉತ್ತರ ಬರಲಿಲ್ಲ. ಬದಲಿಗೆ ನಿನ್ನೆ ಯಮನೂರಪ್ಪ ಕಾಕಾನ ಫೋನ್ ಬಂತು. ಹೋರಿ ತೊಳೆಯುವಾಗ ಊರವರ ಮುಂದೆ, ಬೀಗರಾಗಬೇಕಾದವರ ಮುಂದೆ, ಬಾಲ ನಿನ್ನ ಕೈಗೆ ಬಂತಂತೆ. ನಿನ್ನ ಗಂಡ ಕಾಕಾನಿಗೆ ಬಾಯಿಗೆ ಬಂದಂತೆ ಬೈದನಂತೆ. ಕಾಕಾ ಅಷ್ಟನ್ನೇ ಹೇಳಿದ. ಅಷ್ಟರಲ್ಲೇ ನಾನು ಫೋನ್ ಇಟ್ಟು, ಬಾಗಿಲು ಹಾಕಿಕೊಂಡು ನಕ್ಕೆ. ಮುದುಕಮ್ಮನ ಫೋಟೊ ಮುಂದೆ ದೀಪ ಹಚ್ಚಿದೆ.

ನನ್ನ ಮೇಲೆ ಸಿಟ್ಟಾಗಬೇಡ. ನಾನು ಏನೂ ಮಾಡಿಲ್ಲ. ನೀರು ಬಿಸಿಯಾಗಿತ್ತು, ಅಂಟು ನುಣುಪಾಯಿತು. ನೀನು ಮುಟ್ಟಿದೆ, ಅದು ಜಾರಿತು. ಜಾರಿದ್ದನ್ನು ನೀನು ಹಿಡಿದೆ, ಅಷ್ಟೇ.

ಮಣಿಯ ಗುರುತು ಹತ್ತಿತೇ? ಹಸಿರು ಮಣಿ. ಅಂಗಳ ತುಂಬಿತ್ತೇ? ಯಾರು ಮೊದಲು ನಕ್ಕರು? ಚಹಾ ಕುಡಿದರೋ, ಕುಡಿಯದೆ ಎದ್ದರೋ? ಎಲ್ಲವನ್ನೂ ಬರೆ. ನಾನು ಎಷ್ಟೋ ವರ್ಷ ಕಾದಿದ್ದೇನೆ, ಒಂದು ಚೂರನ್ನೂ ಬಿಡದೆ ಓದುತ್ತೇನೆ.

ಇವತ್ತು ಕ್ಷೇಮವಾಗಿರುವ,
ಆದಮ್ಮ

*

ಸಂತೆಕಲ್ಲೂರು
18 ಜೂನ್ 2025

ಆದಮ್ಮ ಅವರಿಗೆ,

ನಾನು ಅಮರೇಶ್ವರಿ, ಮಹಾಲಕ್ಷ್ಮಿಯ ಮಗಳು. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದು, ಅವ್ವನ ಗೆಳತಿಯನ್ನು ಚಿಗವ್ವ ಅನ್ನಬೇಕಿತ್ತು. ಅನ್ನುವ ಮನಸ್ಸಿಲ್ಲ.

ನಿಮ್ಮ ಹದಿಮೂರನೆಯ ತಾರೀಖಿನ ಕಾಗದ ನಿನ್ನೆ ಬಂತು. ಅವ್ವ ಓದಿ, ಹಳೆಯವನ್ನೂ ತಂದು ಎಲ್ಲವನ್ನೂ ನನ್ನ ಕೈಗೆ ಕೊಟ್ಟು, "ಓದು. ಅಕಿಗೆ ನೀನ ಬರಿ" ಎಂದಳು. ಒಂದು ಚೂರನ್ನೂ ಬಿಡದೆ ಬರೆ ಎಂದು ಕೇಳಿದ್ದೀರಿ. ಬರೆಯುತ್ತೇನೆ.

ಅಂಗಳ ತುಂಬಿತ್ತು. ಸಾಲಗುಂದದಿಂದ ಒಂದು ಗಾಡಿ ತುಂಬ ಬಂದಿದ್ದರು. ಹುಡುಗ ಲಿಂಗಸುಗೂರಿನಲ್ಲಿ ನನ್ನ ಜೊತೆಗೇ ಓದಿದವನು, ಮಸ್ಕಿಯವರೆಗೆ ಒಂದೇ ಬಸ್ಸಿಗೆ ಬರುತ್ತಿದ್ದೆವು. ತನ್ನ ಮನೆಯವರನ್ನು ಅವನೇ ಒಪ್ಪಿಸಿ ಕರೆತಂದಿದ್ದ. ನನಗೂ ಅವನು ಬೇಕಾಗಿದ್ದ. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಇನ್ನೊಂದನ್ನೂ ಹೇಳಿಲ್ಲ. ನನ್ನ ಜಡೆ ಸೊಂಟ ದಾಟುವುದಿಲ್ಲ. ಭುಜದಿಂದ ಗೇಣುದ್ದ ಇಳಿಯುತ್ತದೆ, ಕೊನೆಗೆ ಬೆರಳಿನಷ್ಟು ಸಣ್ಣ. ಉಳಿದದ್ದು ಚೌರಿ. ಹೊರಗೆ ಹೊರಟಾಗಲೆಲ್ಲ ಅವ್ವ ತಾನೇ ಕೂತು ಕಟ್ಟುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ನನ್ನ ತಲೆಯನ್ನು ಬೇರೆ ಯಾರಿಗೂ ಮುಟ್ಟಗೊಟ್ಟಿಲ್ಲ. ಲಿಂಗಸುಗೂರಿನ ಮದುವೆಯಲ್ಲಿ ಅವಳು ನಿಮಗೆ ಆ ಮಾತು ಅಂದಾಗ ನಾನು ನಗಲಿಲ್ಲ, ಸರಿಯಾಗಿಯೇ ನೋಡಿದ್ದೀರಿ.

ಹೋರಿಯ ಮೈ ತೊಳೆಯುವವರು ಗಂಡಸರು. ಬಾಲ ತೊಳೆಯುವುದು ಮಾತ್ರ ನಾನೇ ಎಂದು ಅವ್ವ ಬಿಸಿನೀರಿನ ಕೊಡ ಹಿಡಿದು ಬಂದಳು. ಬೀಗರಿಗೆ ತೋರಿಸುವ ಆಸೆ. "ಬಾಲ ನೋಡ್ರಿ ಹೆಂಗೈತಿ" ಎನ್ನುತ್ತ ನೀರು ಹಾಕಿ ತಿಕ್ಕಿದಳು. ಅದು ಅವಳ ಕೈಯಲ್ಲಿ ಉಳಿಯಿತು. ಹೋರಿ ತನ್ನ ಬೋಳು ಬಾಲವನ್ನು ಎತ್ತಿ ಒಂದು ಸಲ ಬೀಸಿತು. ಮೊದಲು ನಕ್ಕವರು ನಮ್ಮ ಪಕ್ಕದ ಮನೆಯವರು. ಆಮೇಲೆ ಎಲ್ಲರೂ.

ಹುಡುಗನ ಸೋದರಮಾವ ಒಳ್ಳೆಯ ಮನುಷ್ಯ. ಅವ್ವನ ಮುಖ ನೋಡಲಾರದೆ, "ಇರಲಿ ಬಿಡ್ರಿ ಅಕ್ಕಾರ, ನೀರಿಗೆ ನೆಂದು ಜಾರೇತಿ" ಎಂದರು. ಅವ್ವ ಆಗ ಕೈಯಲ್ಲಿದ್ದುದನ್ನು ತಿರುಗಿಸಿ ನೋಡುತ್ತಿದ್ದಳು. ಕೆಂಪು ದಾರ, ಹಸಿರು ಮಣಿ. ಅವಳು ಯಾರ ಕಡೆಗೂ ನೋಡದೆ ಹೇಳಿದಳು: "ಜಾರಿಲ್ಲರೀ. ನಾನ ಕಿತ್ತೀನಿ."

ಯಾರಿಗೂ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ, ನಿಮ್ಮ ಕಾಗದ ಓದುವ ತನಕ. ನೀವು ಕೇಳಿದ ಮಾತು ಅದೇ ತಾನೇ? ಅಂಗಳದಲ್ಲಿ, ಜನರ ಮುಂದೆ, ಅವಳ ಬಾಯಿಂದಲೇ ಬಂತು.

ನೀವು ಅಷ್ಟಕ್ಕೇ ಫೋನ್ ಇಟ್ಟು ನಕ್ಕಿರಿ. ಮುಂದಿನದನ್ನೂ ಕೇಳಿ. ಹುಡುಗನ ಅತ್ತಿಗೆ ನನ್ನ ಪಕ್ಕದಲ್ಲೇ ನಿಂತಿದ್ದಳು. "ಹೋರಿದ ಹಿಂಗಾದ್ರ, ಹುಡುಗೀದು ಹೆಂಗೈತೋ ನೋಡಬೇಕಲ್ಲ" ಎಂದು ನನ್ನ ಜಡೆಯ ಕಡೆ ಕೈ ಚಾಚಿದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನೊಬ್ಬರ ಕೈಯಿಂದ ಕೀಳಿಸಿಕೊಳ್ಳುವುದಕ್ಕಿಂತ ನಾನೇ ಕಿತ್ತು ಅವಳ ಕೈಗೆ ಕೊಡೋಣ ಎಂದು ಎಳೆದೆ. ಬರಲಿಲ್ಲ. ಎರಡೂ ಕೈಯಿಂದ ಎಳೆದೆ, ಕಣ್ಣಲ್ಲಿ ನೀರು ಬರುವ ಹಾಗೆ ಎಳೆದೆ. ಬೆಳಿಗ್ಗೆ ಅವ್ವ ನನ್ನ ತಲೆಗೆ ಬೊಗಸೆ ತುಂಬ ಎಣ್ಣೆ ಹಚ್ಚಿದ್ದಳು, ಆದರೂ ಗಂಟು ಅಲುಗಲಿಲ್ಲ. ಅವ್ವನ ಗಂಟು ಜಾರುವುದಿಲ್ಲ. ನೀವು ಹೇಳಿದ್ದು ನಿಜ.

ಹೋರಿಗೆ ಹೊಸ ಮೂಗುದಾರ ಕತ್ತರಿಸಲು ತಂದಿಟ್ಟಿದ್ದ ಕುಡುಗೋಲು ಕಟ್ಟೆಯ ಮೇಲಿತ್ತು. ಕುತ್ತಿಗೆಯ ಹತ್ತಿರ ಹಿಡಿದು ಒಂದೇ ಸಲಕ್ಕೆ ಕೊಯ್ದೆ. ನನ್ನದೂ ಹೋಯಿತು, ಚೌರಿಯೂ ಹೋಯಿತು. ಹುಡುಗನ ಅತ್ತಿಗೆ ಕಿರುಚಿದಳು. ಮುತ್ತೈದೆಯಾಗಬೇಕಾದವಳು ಹಬ್ಬದ ದಿನ ಜಡೆ ಕೊಯ್ದುಕೊಂಡಳಲ್ಲ ಎಂದು ಹೆಂಗಸರು ಬಾಯಿ ಮೇಲೆ ಸೆರಗು ಹಿಡಿದರು. ಚಹಾ ಲೋಟಗಳು ಹಾಗೇ ಉಳಿದವು. ಹುಡುಗ ಎದ್ದು ಎಲ್ಲರಿಗಿಂತ ಮೊದಲು ಗಾಡಿಯ ಹತ್ತಿರ ಹೋದ. ನನ್ನ ಜಡೆ ಎಷ್ಟಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಬಸ್ಸಿನಲ್ಲಿ ನಾನೇ ಹೇಳಿದ್ದೆ, ಅದಕ್ಕೇನಂತೆ ಎಂದಿದ್ದ.

ಹಬ್ಬವಾದ ಮೂರನೆಯ ದಿನ ಅವ್ವ ನಿಮ್ಮ ಚೌರಿಯನ್ನು ಸೀಗೆಕಾಯಿ ಹಾಕಿ ತೊಳೆದು, ಅಂಟೆಲ್ಲ ಬಿಡಿಸಿ, ನೆರಳಲ್ಲಿ ಒಣಗಿಸಿ ತನ್ನ ಪೆಟ್ಟಿಗೆಯಲ್ಲಿ ಇಟ್ಟಳು. ನಿಮಗೆ ವಾಪಸು ಕಳಿಸಲೇ ಎಂದು ಕೇಳಿದರೆ ಬೇಡ ಎಂದಳು. ಯಾಕೆಂದು ನನಗೆ ಗೊತ್ತಿಲ್ಲ, ಕೇಳುವ ಮನಸ್ಸೂ ಇಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ. ಅವಳು ತಲೆ ಬಾಚಲು ಬಂದರೆ ಬಾಚಲು ಇನ್ನು ಏನೂ ಇಲ್ಲ, ಅವಳಿಗೆ ಅದೇ ಶಿಕ್ಷೆ.

ಹೋರಿಯನ್ನು ಅಪ್ಪ ಮಾರಲು ಹೊರಟಿದ್ದ. ನಾನು ಬಿಡಲಿಲ್ಲ. ಅದಕ್ಕೆ ನೊಣ ಓಡಿಸಿಕೊಳ್ಳಲು ಬರುವುದಿಲ್ಲ, ನಾನೇ ಟವೆಲಿನಿಂದ ಬೀಸುತ್ತೇನೆ.

ನಿಮಗೂ ಒಂದು ಶಿಕ್ಷೆ ಬೇಕಲ್ಲ. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲ ಎಂದು ಬರೆದಿದ್ದಿರಿ. ಬರುತ್ತದೆ, ಲಕೋಟೆ ಒಡೆಯದಿದ್ದರೆ ಆಯಿತು. ನೀವು ಏನೇ ಬರೆದರೂ ಈ ಮನೆಯಲ್ಲಿ ಇನ್ನು ಯಾರೂ ಓದುವುದಿಲ್ಲ.

ಹೂವು, ಮೂಲಂಗಿ, ಹುಳ, ಕಳ್ಳಿ, ಹೋರಿ, ನಿಮ್ಮ ಹೆಸರಿನ ವಾರಸುದಾರರೆಲ್ಲ ನಮ್ಮ ಮನೆಗೆ ಬಂದರು. ಒಂದನ್ನು ನಾನು ನಿಮ್ಮ ಮನೆಗೆ ಕಳಿಸುತ್ತಿದ್ದೇನೆ. ಕೊಯ್ದ ಜಡೆಯಿಂದ ಚೌರಿಯನ್ನು ಬಿಡಿಸಿ ಬೇರೆ ಮಾಡಿದ್ದೇನೆ. ಈ ಪೊಟ್ಟಣದಲ್ಲಿ ಇರುವುದಷ್ಟೂ ನನ್ನ ತಲೆಯದೇ.

ಅಮರೇಶ್ವರಿ